ರಿಂಗಿನ ಕೆಳಗೆ ನಿಲ್ಲುವವರು

ದೂರದಿಂದ ಎಸೆದ ಬಾಲಿಗೆ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗಿಯರು ಸೋತದ್ದು ಅಪರೂಪ. ಪಾಯಿಂಟ್‌ಗಳೆಲ್ಲ ಹೋಗುತ್ತಿದ್ದುದು ರಿಂಗಿನ ಕೆಳಗೆ: ಸಲೀಸಾದ ಲೇಅಪ್, ರಿಬೌಂಡ್ ಹಿಡಿದು ಮತ್ತೆ ಹಾಕಿದ ಬಾಸ್ಕೆಟ್, ತಡವಾಗಿ ಬಂದು ಕೊಟ್ಟ ಫೌಲು. ಮ್ಯಾಚ್ ಮುಗಿದ ಮೇಲೆ ಎಲ್ಲರೂ ಹೇಳುತ್ತಿದ್ದ ಕಾರಣ ಒಂದೇ. 'ಅವರ ಪಿವೋಟ್ ಎತ್ತರ ಸರ್, ನಮ್ಮಲ್ಲಿ ಅಷ್ಟು ಉದ್ದದವರಿಲ್ಲ.'

ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಎತ್ತರ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ಹೇಳಲಾರೆ. ಆದರೂ ಬೆಂಚಿನಲ್ಲಿದ್ದ ಹುಡುಗಿಯ ಕೈಗೆ ನೋಟ್‌ಬುಕ್ ಕೊಟ್ಟು, ಪ್ರತಿ ಬಾಸ್ಕೆಟ್ ಎಲ್ಲಿಂದ ಶುರುವಾಯಿತೆಂದು ಬರೆಸಿದೆ. ಬಹಳಷ್ಟು ಸಲ ಬಾಗಿಲು ತೆರೆದಿದ್ದು ಹೊರಗೆ. ನಮ್ಮ ಗಾರ್ಡ್ ಎದುರಾಳಿಯನ್ನು ನಡುವಿನಿಂದ ನುಗ್ಗಲು ಬಿಡುತ್ತಿದ್ದಳು, ಬಾಲ್ ಇಲ್ಲದ ಆಚೆ ಬದಿಯ ನಮ್ಮವರು ತಮ್ಮ ತಮ್ಮ ಎದುರಾಳಿಗೆ ಅಂಟಿಕೊಂಡೇ ನಿಂತಿರುತ್ತಿದ್ದರು. ಕೊನೆಗೆ ಒಬ್ಬಳೇ ಓಡಿ ಬಂದು ಕೈ ಬೀಸುತ್ತಿದ್ದ ನಮ್ಮ ಪಿವೋಟ್‌ಗೆ ಐದನೇ ಫೌಲು, ಆಟದಿಂದ ಹೊರಗೆ. ಆಮೇಲೆ ರಿಂಗಿನ ಮುಂದೆ ಗೆರೆ ಎಳೆದ ಜಾಗ, ಅಂದರೆ ಕೀ, ಪೂರ್ತಿ ಖಾಲಿ.

ನಿಯಮವಾದರೂ ರಕ್ಷಿಸುವವರ ಪರವಾಗಿಯೇ ಇದೆ. ಎದುರಾಳಿ ಕೀ ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅಮೆರಿಕದ ಎನ್‌ಬಿಎಯಲ್ಲಿ ರಕ್ಷಿಸುವವರಿಗೂ ಅಂಥ ಮಿತಿಯಿದೆ, ನಾವು ಆಡುವ ಅಂತರರಾಷ್ಟ್ರೀಯ ಫೀಬಾ ನಿಯಮದಲ್ಲಿ ಇಲ್ಲ. ಆಚೆ ಬದಿಯವರು ಧಾರಾಳವಾಗಿ ಒಳಗೆ ಬಂದು ಕಾಯಬಹುದು. ನಿಂತ ಜಾಗದಿಂದ ಎರಡೂ ಕೈ ನೇರ ಮೇಲೆತ್ತಿ ಜಿಗಿದವಳಿಗೆ ಎದುರಾಳಿಯೇ ಬಂದು ತಾಗಿದರೆ ಅದು ಇವಳ ಫೌಲಲ್ಲ. ಕೈ ಕೆಳಗೆ ಬೀಸಿದರಷ್ಟೇ ಸೀಟಿ.

ರಿಂಗಿನ ಕೆಳಗಿನ 1.25 ಮೀಟರ್ ತ್ರಿಜ್ಯದ ಅರ್ಧವೃತ್ತದ ಕಥೆಯೇ ಬೇರೆ. ಆಯತದ ಕೀ ಜೊತೆಗೆ ಅದು ಬಂದದ್ದು 2010ರಲ್ಲಿ. ನಮ್ಮ ಸಿಮೆಂಟ್ ಅಂಕಣದಲ್ಲಿ ಇದ್ದದ್ದು ಬುಡದಲ್ಲಿ ಅಗಲವಾಗುವ ಹಳೇ ಕೀ, ಅರ್ಧವೃತ್ತದ ಸುಳಿವೇ ಇಲ್ಲ. ಆ ಅರ್ಧವೃತ್ತದೊಳಗೆ ನಿಂತವಳಿಗೆ ಎದುರಾಳಿ ಗಾಳಿಯಲ್ಲಿ ಬಂದು ಡಿಕ್ಕಿ ಹೊಡೆದರೂ ಸಾಮಾನ್ಯವಾಗಿ ಚಾರ್ಜಿಂಗ್ ಫೌಲು ಸಿಗುವುದಿಲ್ಲ. ಗೆರೆಯನ್ನೇ ಕಾಣದೆ ಅಭ್ಯಾಸ ಮಾಡಿದವರಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಾದರೂ ಹೇಗೆ? ದಾರ ಹಿಡಿದು ಅಳೆದು ಸುಣ್ಣದಲ್ಲಿ ಎಳೆದೆವು.

ಇದನ್ನೆಲ್ಲ ಕಲಿಸುವಾಗ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ದನಿ. ಹುಡುಗಿಯರು ಗಟ್ಟಿಯಾಗಿ ಕೂಗಬಾರದು ಎಂದು ಕೇಳಿಕೊಂಡೇ ಬೆಳೆದವರು ಇವರು. ಬಾಲ್ ಇರುವವಳ ಎದುರು ನಿಂತ ಗಾರ್ಡ್‌ಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಕಾಣದು, ಹಿಂದಿದ್ದವರು ಹೇಳಲೇಬೇಕು. 'ಹೆಲ್ಪ್' ಎಂದು ಕೂಗಲು ನಾಚುತ್ತಿದ್ದವರಿಗೆ, ನಿಮಗೆ ಬಂದ ಮಾತಿನಲ್ಲೇ ಕೂಗಿ ಎಂದೆ. 'ಎಡಕ್ಕೆ ಬಿಡಬೇಡ್ವೇ', 'ನಾನಿದ್ದೀನಿ ಕಣೇ' ಶುರುವಾಯಿತು. ನನಗೆ ಅದಕ್ಕಿಂತ ಖುಷಿ ಕೊಟ್ಟ ಸದ್ದು ಅಂಕಣದಲ್ಲಿ ಇನ್ನೊಂದಿಲ್ಲ. ಹಿಂದೆ ಒಬ್ಬಳಿದ್ದಾಳೆ ಎಂಬ ಧೈರ್ಯ ಬಂದ ಮೇಲೆ ಗಾರ್ಡ್‌ಗಳು ಮುಂದೆ ಒತ್ತಿ ಆಡತೊಡಗಿದರು. ಬಾಕ್ಸ್‌ಔಟ್ ಕೂಡ ಸುಧಾರಿಸಿತು: ಶಾಟ್ ಹೊರಟ ಕೂಡಲೇ ಬಾಲ್ ನೋಡುತ್ತ ನಿಲ್ಲದೆ, ಮೊದಲು ಎದುರಾಳಿಯನ್ನು ಹುಡುಕಿ ಬೆನ್ನು ಕೊಡುವುದು.

ಎತ್ತರದ ತಂಡಗಳು ನಮ್ಮನ್ನು ಈಗಲೂ ಸೋಲಿಸುತ್ತವೆ. ಆದರೆ ನಮ್ಮ ಪಿವೋಟ್ ಕೊನೆಯ ಕ್ವಾರ್ಟರ್‌ವರೆಗೂ ಅಂಕಣದಲ್ಲಿರುತ್ತಾಳೆ. ಉದ್ದದ ಹುಡುಗಿ ಸಿಗಲಿಲ್ಲವೆಂದು ತಂಡ ಕಟ್ಟುವುದನ್ನೇ ಮುಂದೂಡುತ್ತಿರುವ ಪಿ.ಟಿ. ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು: ಇರುವ ಮಕ್ಕಳನ್ನೇ ಕರೆದು ಆಡಿಸಿ, ಅಂಕಣದಲ್ಲಿ ಆ ಅರ್ಧವೃತ್ತ ಇಲ್ಲದಿದ್ದರೆ ಈ ವಾರವೇ ಎಳೆಸಿ.