ಕರುಣೆಗೂ ಕೊರಗಿಗೂ ನಡುವೆ

ಪುಟ್ಟಿ,

"ಮನಸ್ಸನ್ನು ಕಲ್ಲು ಮಾಡಿಕೋ, ಇಲ್ಲದಿದ್ದರೆ ಈ ಕೆಲಸದಲ್ಲಿ ಬಾಳಿಕೆ ಬರಲ್ಲ" ಅಂತ ನಿಮ್ಮ ವಾರ್ಡಿನ ಹಿರಿಯ ಸಿಸ್ಟರ್ ಹೇಳಿದರಂತೆ. ಅವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿರುತ್ತಾರೆ. ಆದರೂ ಆ ಮಾತು ಕೇಳಬೇಡ. ಡ್ಯೂಟಿ ಹೊತ್ತಿಗೆ ಕಲ್ಲಾಗಿ, ಮನೆಗೆ ಬಂದ ಮೇಲೆ ಮೆತ್ತಗಾಗುತ್ತೇನೆ ಅಂದರೆ ಮನಸ್ಸು ಕೇಳುವುದಿಲ್ಲ. ಅದು ಗಂಡನ ಹತ್ತಿರವೂ ಮಕ್ಕಳ ಹತ್ತಿರವೂ ಕಲ್ಲಾಗಿಯೇ ಉಳಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು ನಾನು, ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಂತ ನೀನು ಈಗ ಮಾಡುತ್ತಿರುವುದೂ ಸರಿಯಿಲ್ಲ. ಕ್ಯಾನ್ಸರ್ ವಾರ್ಡಿನ ನೋವನ್ನೆಲ್ಲ ಹಾಸ್ಟೆಲ್ ರೂಮಿಗೆ ಹೊತ್ತು ತಂದು, ಊಟ ಬಿಟ್ಟು, ನಿದ್ದೆಗೆಟ್ಟು ಕೂರುತ್ತೀಯಲ್ಲ, ಅದನ್ನು ನೀನು ಕರುಣೆ ಅಂದುಕೊಂಡಿದ್ದೀಯ. "ದೊಡ್ಡಮ್ಮ, ಕರುಣೆ ಇರೋರಿಗೆ ಈ ಜನ್ಮದಲ್ಲಿ ನೆಮ್ಮದಿ ಇಲ್ಲ ಅನ್ಸುತ್ತೆ" ಅಂದೆ. ಆ ಮಾತಿಗೆ ಫೋನಿನಲ್ಲಿ ಎರಡು ನಿಮಿಷಕ್ಕೆ ಉತ್ತರ ಹೇಳುವುದು ನನ್ನಿಂದಾಗುವ ಕೆಲಸವಲ್ಲ. ಅದಕ್ಕೇ ಕಾಗದ.

ನೀನು ಕೇಳಿದ್ದು ಹೊಸ ಪ್ರಶ್ನೆಯೇನಲ್ಲ. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು 'ವಿಸುದ್ಧಿಮಗ್ಗ' ಬರೆದ ಬುದ್ಧಘೋಷ ಇದನ್ನು ಬಹಳ ನಿಖರವಾಗಿ ಬಿಡಿಸಿಟ್ಟಿದ್ದಾನೆ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಗುಣಗಳಿಗೆ ಒಂದೊಂದಕ್ಕೂ ಇಬ್ಬಿಬ್ಬರು ಶತ್ರುಗಳಂತೆ, ದೂರದವನೊಬ್ಬ, ಹತ್ತಿರದವನೊಬ್ಬ. ಕರುಣೆಗೆ ದೂರದ ಶತ್ರು ಕ್ರೌರ್ಯ. ಅವನನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಹತ್ತಿರದ ಶತ್ರು ಕೊರಗು. ಅವನು ಕರುಣೆಯ ಬಟ್ಟೆಯನ್ನೇ ಉಟ್ಟು ಬರುವುದರಿಂದ ನಾವೇ ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುತ್ತೇವೆ. ಉಪೇಕ್ಷೆ ಅಂದರೆ ಇಲ್ಲಿ ಸಮಚಿತ್ತ. ಅದರ ಹತ್ತಿರದ ಶತ್ರು ಉದಾಸೀನ. ನೋಡು, ನೀನು ಒಬ್ಬನ ಕೈಗೆ ಸಿಕ್ಕಿದ್ದೀಯ, ನಿಮ್ಮ ಹಿರಿಯ ಸಿಸ್ಟರ್ ಇನ್ನೊಬ್ಬನ ಕೈಗೆ.

ಹಳೇ ಪುಸ್ತಕದ ಮಾತು ಅನ್ನಬೇಡ. ಮಾಥ್ಯೂ ರಿಕಾರ್ ಅಂತ ಒಬ್ಬ ಫ್ರೆಂಚ್ ಭಿಕ್ಷು ಇದ್ದಾರೆ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಜೀವಕೋಶಗಳ ತಳಿವಿಜ್ಞಾನದಲ್ಲಿ ಡಾಕ್ಟರೇಟ್ ಮುಗಿಸಿ, ಆಮೇಲೆ ಎಲ್ಲ ಬಿಟ್ಟು ಹಿಮಾಲಯಕ್ಕೆ ಬಂದು ಟಿಬೆಟಿನ ಗುರುಗಳ ಬಳಿ ಉಳಿದವರು. 2007ರಲ್ಲಿ ತಾನಿಯಾ ಸಿಂಗರ್ ಎಂಬ ನರವಿಜ್ಞಾನಿ ಅವರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಬೇರೆಯವರ ನೋವಿನ ಮೇಲೆ ಮನಸ್ಸಿಡಿ ಅಂದರು. ಹಿಂದಿನ ರಾತ್ರಿ ರಿಕಾರ್ ರೊಮೇನಿಯಾದ ಒಂದು ಅನಾಥಾಲಯದ ಮಕ್ಕಳ ಸಾಕ್ಷ್ಯಚಿತ್ರ ನೋಡಿದ್ದರು, ಎಲುಬು ಎದ್ದ, ಯಾರೂ ಎತ್ತಿಕೊಳ್ಳದ ಮಕ್ಕಳು. ಆ ಮಕ್ಕಳನ್ನೇ ನೆನೆದು ಅವರ ನೋವನ್ನು ತಾನೂ ಅನುಭವಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೇ ಸಾಕುಸಾಕಾಗಿ, ಪೂರ್ತಿ ಬಸವಳಿದುಹೋದರು. ಆಮೇಲೆ ಧ್ಯಾನದ ರೀತಿ ಬದಲಾಯಿಸಿದರು. ಮಕ್ಕಳು ಅವವೇ, ನೋವು ಅದೇ. ಆದರೆ ಆ ನೋವನ್ನು ತನ್ನದೆಂದು ಅನುಭವಿಸುವ ಬದಲು, ಈ ಮಗುವಿಗೆ ಒಳ್ಳೆಯದಾಗಲಿ ಎಂದು ಅದರ ಕಡೆಗೆ ಪ್ರೀತಿ ಹರಿಸಿದರು. ಆಯಾಸ ಇಳಿಯಿತು. ಯಂತ್ರದ ಪರದೆಯ ಮೇಲೂ ಮಿದುಳಿನ ಬೇರೆಯೇ ಭಾಗಗಳು ಚುರುಕಾದವು.

ಅವರು ವರ್ಷಗಟ್ಟಲೆ ಧ್ಯಾನ ಮಾಡಿದ ಸನ್ಯಾಸಿ, ನಮ್ಮಂಥವರ ಪಾಡೇನು ಅನ್ನುತ್ತೀಯ. ಸಿಂಗರ್ ಅವರ ತಂಡಕ್ಕೂ ಇದೇ ಅನುಮಾನ ಬಂದಿರಬೇಕು, ಸಾಮಾನ್ಯ ಜನರನ್ನೂ ಕರೆದು ತರಬೇತಿ ಕೊಟ್ಟು ನೋಡಿದರು. ಮೊದಲು ಪರರ ನೋವನ್ನು ತಾನೂ ಅನುಭವಿಸುವ ಅಭ್ಯಾಸ. ಅದಾದ ಮೇಲೆ ಅವರಲ್ಲಿ ಸಂಕಟ ಹೆಚ್ಚಿತು. ಆಮೇಲೆ ಕರುಣೆಯ ಅಭ್ಯಾಸ. ಸಂಕಟ ಇಳಿದು ಮನಸ್ಸು ತಿಳಿಯಾಯಿತು. ಕೊರಗು ಬೇರೆ, ಕರುಣೆ ಬೇರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಬಾವಿಗೆ ಬಿದ್ದವನನ್ನು ನೋಡಿ ತಾನೂ ಹಾರಿಕೊಂಡರೆ ಮೇಲಿನಿಂದ ಹಗ್ಗ ಹಿಡಿಯುವವರು ಯಾರು ಹೇಳು.

ಇನ್ನು ನಮ್ಮ ಪಕ್ಕದವರ ವಿಷಯ. ನಿನ್ನ ವಯಸ್ಸಿನವರಿಗೆ ಬೈಲಕುಪ್ಪೆ ಅಂದರೆ ಗೋಲ್ಡನ್ ಟೆಂಪಲ್, ಮೊಮೊ, ಸೆಲ್ಫಿ. ನಮಗೆ ಅದು ಟಿಬೆಟಿನವರ ಕ್ಯಾಂಪ್. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು, ಬೆನ್ನಿಗೇ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಕೊಟ್ಟಿದ್ದು ಹೊಲವಲ್ಲ, ಕಾಡು. ಚಳಿಯ ನಾಡಿನಲ್ಲಿ ಹುಟ್ಟಿದ ಜನ ಇಲ್ಲಿಯ ಸೆಕೆಯಲ್ಲಿ ಮರ ಕಡಿದು, ಆನೆ ಕಾಟ ಸಹಿಸಿ, ಕಾಯಿಲೆಗಳಿಗೆ ತಮ್ಮವರನ್ನು ಕಳೆದುಕೊಂಡು ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂದರೆ ಗಂಟು ಕಟ್ಟಿಕೊಂಡು ಊರೂರಿಗೆ ಸ್ವೆಟರ್ ಮಾರಲು ಹೊರಟರು. ಆ ಮೊದಲ ತಲೆಮಾರಿನ ಅಜ್ಜ ಅಜ್ಜಿಯರು ನಮ್ಮ ಒ.ಪಿ.ಡಿ.ಗೆ ಬರುತ್ತಿದ್ದರು. ಸಾಲು ಎಷ್ಟೇ ಉದ್ದವಿರಲಿ, ಕೈಯಲ್ಲಿ ಜಪಮಾಲೆ ತಿರುಗಿಸುತ್ತಾ ಕೂತಿರುತ್ತಿದ್ದರು. ತಂಬಾಕು ಹದ ಮಾಡುವ ಬ್ಯಾರನ್ನಿನಲ್ಲಿ ಕೈ ಸುಟ್ಟುಕೊಂಡು ಬಂದ ನಮ್ಮೂರಿನ ಹುಡುಗನನ್ನು ಕಂಡರೆ, ಭಾಷೆ ಬರದಿದ್ದರೂ ತಮ್ಮ ಸರದಿ ಬಿಟ್ಟುಕೊಟ್ಟು ಮುಂದೆ ಹೋಗು ಎಂದು ಸನ್ನೆ ಮಾಡುತ್ತಿದ್ದರು.

ಅವರನ್ನೆಲ್ಲ ದೇವರು ಮಾಡಿ ಕೂರಿಸುತ್ತಿಲ್ಲ. ಅವರಲ್ಲೂ ಜಗಳವಿದೆ, ಕುಡಿತವಿದೆ, ಮಕ್ಕಳು ವಿದೇಶಕ್ಕೆ ಹೋಗಿ ಬೀಗ ಬಿದ್ದ ಮನೆಗಳಿವೆ. ಆದರೆ ಇಷ್ಟೆಲ್ಲ ಕಳೆದುಕೊಂಡವರ ಮುಖದಲ್ಲಿ ಕಹಿ ಯಾಕಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರದಂಥ ಒಂದು ಪ್ರಸಂಗವನ್ನು ದಲೈ ಲಾಮಾ ತಮ್ಮ ಮಾತುಗಳಲ್ಲಿ ಮತ್ತೆ ಮತ್ತೆ ಹೇಳುತ್ತಾ ಬಂದಿದ್ದಾರೆ. ಲೋಪೊನ್-ಲಾ ಎಂಬ ಭಿಕ್ಷು ಚೀನಾದವರ ಸೆರೆಯಲ್ಲಿ 18 ವರ್ಷ ಕಳೆದು, ಕೊನೆಗೆ ಧರ್ಮಶಾಲೆ ಸೇರಿದರು. ಒಂದು ದಿನ ಮಾತಿನ ನಡುವೆ, ಸೆರೆಯಲ್ಲಿ ಕೆಲವು ಸಲ ಅಪಾಯಕ್ಕೆ ಸಿಕ್ಕಿದ್ದೆ ಅಂದರು. ಜೀವಾಪಾಯವೇ ಇರಬೇಕು ಎಂದುಕೊಂಡು ದಲೈ ಲಾಮಾ ವಿಚಾರಿಸಿದರೆ, ತನ್ನನ್ನು ಹಿಂಸಿಸಿದವರ ಮೇಲಿನ ಕರುಣೆ ಕೈತಪ್ಪಿಹೋಗುವ ಅಪಾಯವಿತ್ತು ಎಂದರಂತೆ ಆತ.

ಈ ಕಥೆಯನ್ನು ಜನ ಸುಲಭವಾಗಿ ತಪ್ಪಾಗಿ ಬಳಸುತ್ತಾರೆ, ಅದಕ್ಕೆ ಒಂದು ಎಚ್ಚರ ಹೇಳುತ್ತೇನೆ. ಲೋಪೊನ್-ಲಾ ಅದನ್ನು ಹೇಳಿಕೊಂಡದ್ದು ತನ್ನ ಬಗ್ಗೆ. ಏಟು ತಿಂದ ಇನ್ನೊಬ್ಬರ ಮುಂದೆ ಕೂತು 'ಹೊಡೆದವರ ಮೇಲೂ ಕರುಣೆ ಇರಲಿ' ಎಂದು ಉಪದೇಶ ಮಾಡುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ. ಮೈತುಂಬ ಬಾಸುಂಡೆಯಿಟ್ಟುಕೊಂಡು ವಾರ್ಡಿಗೆ ಬರುವ ಹೆಂಗಸಿಗೆ ಕ್ಷಮೆಯ ಪಾಠ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳಿಗೆ ಬೇಕಾಗಿರುವುದು ಮೊದಲು ಗಾಯಕ್ಕೆ ಮದ್ದು, ಆಮೇಲೆ ಪೊಲೀಸರಿಗೆ ತಿಳಿಸುವ ಎಂ.ಎಲ್.ಸಿ. ದಾಖಲೆ. ನಾನು ಈ ಕಥೆ ಹೇಳಿದ್ದು ಬೇರೆ ಕಾರಣಕ್ಕೆ. ಎಲ್ಲ ಕಿತ್ತುಕೊಂಡ ಮೇಲೂ ಒಂದು ತನ್ನ ಕೈಯಲ್ಲೇ ಇದೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಅದನ್ನು ಕಾಯ್ದುಕೊಂಡ. ಕಾಯ್ದುಕೊಂಡಿದ್ದರಿಂದ ಅವನ ಒಳಗೆ ನೆಮ್ಮದಿ ಉಳಿಯಿತು.

ಮೊದಲು ನನಗೆ ಶಾಂತಿ ಸಿಗಲಿ, ಆಮೇಲೆ ನಾಲ್ಕು ಜನಕ್ಕೆ ಒಳ್ಳೆಯದು ಮಾಡುತ್ತೇನೆ ಎಂದು ನೀನು ಲೆಕ್ಕ ಹಾಕುತ್ತಿದ್ದೀಯ. ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡದ್ದೂ ಅದಕ್ಕೇ ತಾನೇ? ಹಾಕಿಕೋ, ಬೇಡ ಅನ್ನಲ್ಲ. ಆದರೆ ಪತಂಜಲಿ ಲೆಕ್ಕವನ್ನು ತಿರುಗುಮುರುಗು ಇಟ್ಟಿದ್ದಾನೆ. ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರದಲ್ಲಿ ಮನಸ್ಸು ತಿಳಿಯಾಗಲು ಅವನು ಹೇಳುವ ದಾರಿ ಆ ನಾಲ್ಕು ಗುಣಗಳೇ. ಸುಖವಾಗಿರುವವರ ಜೊತೆ ಸ್ನೇಹ, ನೊಂದವರಲ್ಲಿ ಕರುಣೆ, ಒಳ್ಳೆಯದು ಮಾಡಿದವರನ್ನು ಕಂಡು ಸಂತೋಷ, ಕೆಟ್ಟದ್ದರ ಎದುರು ಸಮಚಿತ್ತ. ಅವನ ಪ್ರಕಾರ ಜನರ ಜೊತೆ ಹೇಗೆ ನಡೆದುಕೊಳ್ಳುತ್ತೀಯ ಎಂಬುದು ಮೊದಲು, ತಿಳಿಮನಸ್ಸು ಅದರ ಹಿಂದೆ ಬರುವಂಥದ್ದು. ಕಣ್ಣು ಮುಚ್ಚಿ ಕೂರುವ ಮಾತು ಆ ಸೂತ್ರದಲ್ಲಿ ಇಲ್ಲವೇ ಇಲ್ಲ.

ವಾರ್ಡಿನಲ್ಲಿ ಇದನ್ನು ಹೇಗೆ ಮಾಡುವುದು ಅಂತೀಯ. ಬೆಡ್ಡಿನ ಹತ್ತಿರ ಹೋಗುವ ಮುಂಚೆ, ಕೈ ತೊಳೆಯುವಾಗ, ಒಂದು ಉಸಿರು ನಿಧಾನವಾಗಿ ತೆಗೆದುಕೋ. ನಲ್ಲಿಯ ಹತ್ತಿರ ಹೇಗೂ ಅರ್ಧ ನಿಮಿಷ ನಿಲ್ಲಲೇಬೇಕಲ್ಲ. ಈ ಜೀವಕ್ಕೆ ಹಿತವಾಗಲಿ ಅಂದುಕೋ, ಬಾಯಲ್ಲಿ ಹೇಳಬೇಕಾಗಿಲ್ಲ. ಆಮೇಲೆ ಪೇಷಂಟ್ ಮುಖ ನೋಡಿ ಒಂದೇ ಪ್ರಶ್ನೆ ಕೇಳು: ಈಗ ಏನು ಬೇಕು? ನೀನು ಊಹಿಸಿಕೊಂಡು ಅಳುವ ನೋವಿಗೂ ಅವರು ಹೇಳುವ ನೋವಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಸಾವಿನ ಬಗ್ಗೆ ಯೋಚಿಸುತ್ತಿದ್ದಾರೆ ಅಂತ ನೀನು ಅಂದುಕೊಂಡಿರುತ್ತೀಯ, ಅವರಿಗೆ ದಿಂಬು ಜಾರಿ ಕುತ್ತಿಗೆ ನೋಯುತ್ತಿರುತ್ತದೆ. ದಿಂಬು ಸರಿ ಮಾಡು. ಬಾಯಿ ಒಣಗಿದ್ದರೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸು. ಮಗ್ಗುಲು ಬದಲಾಯಿಸು. ಕೈಗೆ ಕೆಲಸ ಸಿಕ್ಕ ಕರುಣೆ ಕೊರಗಾಗುವುದಿಲ್ಲ, ಕೆಲಸವಿಲ್ಲದೆ ಕೂತ ಕರುಣೆಯೇ ರಾತ್ರಿ ಹಾಸಿಗೆಗೆ ಬಂದು ಕಾಡುವುದು. ಯಾರಾದರೂ ಗುಣವಾಗಿ ಡಿಸ್ಚಾರ್ಜ್ ಆದರೆ ಬಾಗಿಲವರೆಗೂ ಹೋಗಿ ಕಳಿಸಿ ಬಾ. ಆ ಸಂತೋಷವನ್ನು ನಾವು ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತೇವೆ. ಬುದ್ಧಘೋಷ ಮೈತ್ರಿಯ ಅಭ್ಯಾಸವನ್ನು ತನ್ನಿಂದಲೇ ಶುರುಮಾಡು ಅನ್ನುತ್ತಾನೆ. ಆದ್ದರಿಂದ ಊಟದ ಹೊತ್ತಿಗೆ ಊಟ ಮಾಡುವುದೂ ಈ ಅಭ್ಯಾಸದ ಒಳಗೇ ಬಂತು. ಹ್ಯಾಂಡೋವರ್ ಕೊಟ್ಟ ಮೇಲೆ ಆ ಜೀವಗಳು ಮುಂದಿನ ಸಿಸ್ಟರ್ ಕೈಯಲ್ಲಿವೆ. ಅವಳನ್ನೂ ಸ್ವಲ್ಪ ನಂಬು.

ಕರುಣೆಯನ್ನು ಕೆಲಸಕ್ಕೆ ಹಚ್ಚಿದ ಡಾ. ಎಂ.ಆರ್. ರಾಜಗೋಪಾಲ್ ಅವರ ಹೆಸರು ನಿಮ್ಮ ಪಾಠದಲ್ಲಿ ಬಂದಿರಬಹುದು. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ತರಿಸಿ ಇಟ್ಟುಕೊಳ್ಳುವುದಕ್ಕೆ ಆಸ್ಪತ್ರೆಗಳು ಹಲವು ಪರವಾನಗಿಗಳ ಹಿಂದೆ ಅಲೆಯಬೇಕಿತ್ತು. ನೋವಿಗೆ ಮದ್ದು ಇದ್ದೂ ಜನ ಒದ್ದಾಡಿ ಸಾಯುತ್ತಿದ್ದರು. ಇದನ್ನು ಕಂಡು ಅವರು ಕೊರಗುತ್ತಾ ಕೂರಲಿಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಸಂಗಡಿಗರ ಜೊತೆ ಉಪಶಾಮಕ ಆರೈಕೆಯ ಸಂಘ ಕಟ್ಟಿದರು, ಕಾನೂನು ಬದಲಾಗಲಿ ಎಂದು ವರ್ಷಾನುಗಟ್ಟಲೆ ಬೆನ್ನು ಹತ್ತಿದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಅರ್ಜಿ, ಸಭೆ, ಕಡತ, ಮತ್ತೆ ಅರ್ಜಿ. ಕರುಣೆಯ ಚಿತ್ರ ಬರೆಯುವವರು ಯಾರೂ ಇವನ್ನೆಲ್ಲ ಬರೆಯುವುದಿಲ್ಲ. ರಜೆ ಸಿಕ್ಕಾಗ ಮಾರತ್ತಹಳ್ಳಿ ಕಡೆಯ ಕರುಣಾಶ್ರಯಕ್ಕೆ ಹೋಗಿ ಬಾ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ಅಲ್ಲಿಯ ಸಿಸ್ಟರ್‌ಗಳ ಜೊತೆ ಕೂತು ಟೀ ಕುಡಿ. ದಿನಾ ಸಾವಿನ ಪಕ್ಕದಲ್ಲೇ ಕೆಲಸ ಮಾಡುವವರು ಮನೆಗೆ ಹೋಗಿ ಹೇಗೆ ನಿದ್ದೆ ಮಾಡುತ್ತಾರೆ ಅಂತ ಅವರನ್ನೇ ಕೇಳು. ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನೊಂದು ವಿಷಯ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಇರುತ್ತೀರಿ ಅಂದೆ. ಅದಕ್ಕೆ ನಿಮ್ಮವರು ಮಾಡಿದ್ದು ಒಂದು ದಿನದ 'ಸ್ಟ್ರೆಸ್ ಮ್ಯಾನೇಜ್‌ಮೆಂಟ್' ಶಿಬಿರ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವೇ ಹೇಳುತ್ತದೆ. ಜನ ಕಡಿಮೆ ಇಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದರೆ ಅದು ಯಾವ ಧರ್ಮ? ನಿನ್ನ ಸುಸ್ತಿನಲ್ಲಿ ಅರ್ಧ ಪಾಲು ಮನಸ್ಸಿನದ್ದು, ಇನ್ನರ್ಧ ಈ ರೋಸ್ಟರಿನದ್ದು. ಮನಸ್ಸಿನ ಪಾಲಿಗೆ ಮೇಲೆ ಹೇಳಿದ್ದು ಮಾಡು. ರೋಸ್ಟರಿನ ಪಾಲಿಗೆ ಒಂದು ಪತ್ರ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕೊಡಿ. ಸಿಟ್ಟಿನ ಮಾತು ಬೇಡ, ಯಾವ ರಾತ್ರಿ ಎಷ್ಟು ಪೇಷಂಟ್, ಎಷ್ಟು ಸಿಸ್ಟರ್ ಎಂಬ ಪಟ್ಟಿ ಸಾಕು. ನೀನೊಬ್ಬಳೇ ಸಹಿ ಹಾಕಬೇಡ, ಎಲ್ಲರ ಕೈಯಲ್ಲೂ ಹಾಕಿಸು. ಕಲ್ಲು ಮಾಡಿಕೋ ಅಂದರಲ್ಲ, ಆ ಹಿರಿಯ ಸಿಸ್ಟರ್ ಹತ್ತಿರ ಮೊದಲು ಹೋಗು. ಹಾಕುತ್ತಾರೆ ನೋಡು. ಸ್ವೀಕೃತಿ ಸೀಲು ಹಾಕಿಸಿಕೊಂಡು ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.

ನಿನ್ನ ದೊಡ್ಡಮ್ಮ