ಆರ್ಡರ್ ಬಾಂಗ್ಲಾಕ್ಕೆ ಹೋಗುತ್ತೆ ಅಂದರೆ

ಮದ್ದೂರಿನ ಗಾರ್ಮೆಂಟ್ಸಿಗೆ ಟೈಲರ್ ಆಗಿ ಸೇರಿದ್ದೀಯಂತೆ, ಸಂತೋಷ ಕಣೇ. ಬೈಗುಳ, ಸೊಂಟನೋವು, ಬೆರಳಿಗೆ ಚುಚ್ಚುವ ಸೂಜಿ, ಇವನ್ನು ನಾನು ಹೇಳಬೇಕಿಲ್ಲ, ಹದಿನೈದು ದಿನದಲ್ಲಿ ನಿನಗೇ ಗೊತ್ತಾಗುತ್ತದೆ. ನಾನು ಹೇಳೋದು ನಿನ್ನ ಲೈನಿನಲ್ಲಿ ಯಾವತ್ತೂ ಕಾಣಿಸದ ಒಬ್ಬನ ವಿಷಯ. ಅವನೇ ಬಯರ್, ನಾವು ಹೊಲಿದ ಬಟ್ಟೆ ಕೊಳ್ಳೋನು.

ಅವನು ಇರೋದು ಅಮೆರಿಕದಲ್ಲೋ ಯೂರೋಪಿನಲ್ಲೋ. ಅವನ ಕಡೆಯವರು ನೋಡೋಕೆ ಬಂದ ದಿನ ಶೌಚಾಲಯಕ್ಕೆ ಸೋಪು ಬರುತ್ತದೆ, ಮಾರನೇ ದಿನ ಇರೋದಿಲ್ಲ. ಕಾಲರಿಗೆ ಇಷ್ಟು ನಿಮಿಷ, ಕಫ್ಫಿಗೆ ಇಷ್ಟು ನಿಮಿಷ ಅಂತ ಲೆಕ್ಕ ಹಾಕಿ, ಆ ನಿಮಿಷಗಳ ಮೇಲೆ ಚೌಕಾಸಿ ಮಾಡಿ ಆರ್ಡರ್ ಕೊಡ್ತಾರೆ. ಏಪ್ರಿಲ್‌ನಲ್ಲಿ ನಮ್ಮ ತುಟ್ಟಿಭತ್ಯೆ ಏರಿತು ಅಂತ ಅವನು ಶರ್ಟಿನ ದರ ಏರಿಸ್ತಾನೆಯೇ? ಅಪರೂಪ. ಆಗ ಕಂಪನಿ ನಿನ್ನ ಟಾರ್ಗೆಟ್ ಏರಿಸುತ್ತದೆ. ಗಂಟೆಗೆ ಎಂಬತ್ತು ಪೀಸು ಇದ್ದದ್ದು ತೊಂಬತ್ತಾಗುತ್ತದೆ. ಸೂಪರ್‌ವೈಸರ್ ಮೇಲೆ ಸಿಟ್ಟು ಬರುತ್ತೆ, ಬರಲಿ. ಆದರೆ ನಿನ್ನ ನಿಮಿಷಕ್ಕೆ ಬೆಲೆ ಕಟ್ಟಿದವನು ಅವನಲ್ಲ.

2004ರ ಕೊನೆಯವರೆಗೆ ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಅನ್ನೋದಕ್ಕೆ ಕೋಟಾ ಇತ್ತು. 2005ರ ಜನವರಿಗೆ ಅದು ಹೋಯಿತು. ಆಮೇಲೆ ಬಯರ್‌ಗೆ ತಡೆಯೇ ಇಲ್ಲ, ಎಲ್ಲಿ ಅಗ್ಗವೋ ಅಲ್ಲಿಗೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿದ್ದ ಕೆಲಸ ನಮ್ಮೂರ ಬಾಗಿಲಿಗೆ ಬಂದದ್ದೂ ನಮ್ಮ ಮೇಲಿನ ಪ್ರೀತಿಗಲ್ಲ. ಬೆಂಗಳೂರಿಗಿಂತ ನಮ್ಮ ಕಡೆ ಕನಿಷ್ಠ ಕೂಲಿ ಕಡಿಮೆ. ಹಾಗಂತ ಈ ಕೆಲಸವನ್ನು ನಾನು ಹಳಿಯಲಾರೆ. ನಮ್ಮ ಕೇರಿಯ ಎಷ್ಟೋ ಹೆಂಗಸರ ಹೆಸರಲ್ಲಿ ಬ್ಯಾಂಕ್ ಖಾತೆ ಆದದ್ದು ಇದರಿಂದಲೇ.

ಸಂಬಳದ ಮಾತೆತ್ತಿದರೆ ‘ಆರ್ಡರ್ ಬಾಂಗ್ಲಾಕ್ಕೆ ಹೋಗುತ್ತೆ’ ಅಂತಾರೆ. ಪೂರ್ತಿ ಸುಳ್ಳಲ್ಲ, ಆರ್ಡರ್ ಹೋಗೋದುಂಟು. ಆದರೆ 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ. 50 ಸುಂಕ ಹೇರಿದ್ದು ನಾವು ಸಂಬಳ ಕೇಳಿದ್ದಕ್ಕಲ್ಲವಲ್ಲ! ಆ ಆರ್ಡರ್ ಹೊಲಿಯೋ ಢಾಕಾದ ಹುಡುಗಿಯ ಪಾಡೂ ಅಷ್ಟೇ. 2013ರಲ್ಲಿ ಅಲ್ಲಿನ ರಾಣಾ ಪ್ಲಾಜಾ ಕಟ್ಟಡ ಬಿರುಕು ಬಿಟ್ಟಿದ್ದು ಗೊತ್ತಿದ್ದೂ ಮಾರನೇ ದಿನ ಕೆಲಸದವರನ್ನು ಒಳಗೆ ಕಳಿಸಿದರು. ಅವತ್ತೇ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಂಥ ಊರಿನವರೇ 2023ರಲ್ಲಿ ಬೀದಿಗಿಳಿದು ಕನಿಷ್ಠ ಕೂಲಿಯನ್ನು 8,000 ಟಾಕಾದಿಂದ 12,500ಕ್ಕೆ ಏರಿಸಿಕೊಂಡರು. ಕೇಳಿದ್ದು ಇನ್ನೂ ಹೆಚ್ಚು. ಅವಳನ್ನು ನಿನ್ನ ಸವತಿ ಅಂದ್ಕೋಬೇಡ.

ನಮ್ಮವರೂ ಹಾಗೆ ಬೀದಿಗಿಳಿದು ಗೆದ್ದದ್ದುಂಟು. 2016ರ ಏಪ್ರಿಲ್‌ನಲ್ಲಿ, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನೋ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಷಿನ್ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವತ್ತು ಬಿದ್ದ ಕಲ್ಲು, ಹಚ್ಚಿದ ಬೆಂಕಿ ನನಗೆ ಹಿಡಿಸಲಿಲ್ಲ. ಆದರೆ ಅರ್ಜಿ ಬರೆದುಕೊಂಡು ಕೂತಿದ್ದರೆ ಆ ನಿಯಮ ಹೋಗ್ತಿತ್ತು ಅಂತ ಯಾರಾದರೂ ಅಂದರೆ ನಾನು ನಂಬೋದಿಲ್ಲ.

ಇನ್ನು ನಿನ್ನ ಕೈಯಲ್ಲಿರೋದು. ಬರೀ ಕಾಲರ್ ಹೊಲಿದುಕೊಂಡು ಕೂರಬೇಡ, ಓವರ್‌ಲಾಕ್, ಬಟನ್‌ಹೋಲ್ ಎಲ್ಲ ಕಲಿ. ಪೇಸ್ಲಿಪ್ ಒಂದನ್ನೂ ಬಿಸಾಡಬೇಡ. ಓಟಿ ಮಾಡಿದರೆ ಎರಡು ಪಟ್ಟು ಕೂಲಿ ಕಾನೂನು. ಅದರ ಬದಲು ರಜಾ ಕೊಡ್ತೀವಿ ಅಂದರೆ ಒಪ್ಪಬೇಡ. ಮುಖ್ಯವಾಗಿ, ಮಕ್ಕಳ ಫೀಸಿಗೆ ಅಂತ ನಾಲ್ಕನೇ ವರ್ಷಕ್ಕೆ ರಾಜೀನಾಮೆ ಕೊಟ್ಟು, ಪಿಎಫ್ ಬಿಡಿಸಿಕೊಂಡು, ಅದೇ ಗೇಟಿಗೆ ಹೊಸಬಳಾಗಿ ಹೋಗೋದು ನಮ್ಮವರ ಚಾಳಿ. ನೀನು ಹಾಗೆ ಮಾಡಬೇಡ, ಕಾಯಂ ಕೆಲಸದವಳಿಗೆ ಐದು ವರ್ಷ ತುಂಬಿದ ಮೇಲೇ ಗ್ರಾಚ್ಯುಟಿ. ಮೂಲವೇತನ, ತುಟ್ಟಿಭತ್ಯೆ ಸೇರಿ 13,000 ಇದ್ದರೆ ವರ್ಷಕ್ಕೆ 7,500ರಂತೆ ಐದು ವರ್ಷಕ್ಕೆ 37,500 ರೂಪಾಯಿ. ರಾಜೀನಾಮೆ ಪತ್ರಕ್ಕೆ ಸಹಿ ಹಾಕು ಅಂತ ಯಾರೇ ಮುಂದೆ ಹಿಡಿದರೂ, ಸೇರಿದ ತಾರೀಖು ನೋಡಿಕೊಂಡು, ಮೊದಲು ನನಗೊಂದು ಫೋನ್ ಮಾಡು.