ಎಮ್ಮೆಯ ಹೊಟ್ಟೆ ಅರಿತು ಮೇವು ಹಾಕೋಣ

ಹುಲ್ಲು ತರುವವರು ನಾವು. ಸಗಣಿ ಬಾಚುವವರು ನಾವು. ಹಾಲು ಕರೆಯುವವರೂ ನಾವೇ. ಡೈರಿಯಿಂದ ಬರುವ ಹಾಲಿನ ದುಡ್ಡು ನಮ್ಮ ಸಂಸಾರಕ್ಕೆ ಆಸರೆ. ಸಾಲ ಮಾಡಿ ತಂದ ಎಮ್ಮೆ ಸತ್ತರೆ ಏನು ಗತಿ? ಎಮ್ಮೆ ಹೋಗುತ್ತದೆ. ಸಾಲ ಉಳಿಯುತ್ತದೆ.

ಬೇಸಿಗೆಯಲ್ಲಿ ಹಸಿರು ಹುಲ್ಲು ಸಿಗೋದಿಲ್ಲ. ಹಿಂಡಿ, ಬೂಸಾ ತುಟ್ಟಿ. ಆಗ ನಾವು ಸೊಪ್ಪು, ಹೊಟ್ಟು, ಉಳಿದ ಅನ್ನ ಹಾಕುತ್ತೇವೆ. ಹಾಕೋದು ತಪ್ಪಲ್ಲ. ಆದರೆ ಎಷ್ಟು ಹಾಕಬೇಕು? ಹೇಗೆ ಹಾಕಬೇಕು? ತಿಳಿಯೋಣ ಬನ್ನಿ.

ಹೊಟ್ಟೆಯ ಒಳಗೆ ಏನಿದೆ?

ಎಮ್ಮೆಯ ಹೊಟ್ಟೆಯಲ್ಲಿ ನಾಲ್ಕು ಭಾಗ ಇವೆ. ಒಂದು ಭಾಗ ಬಲು ದೊಡ್ಡದು, ಚೀಲದ ಹಾಗೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಇವೆ. ಹೆಪ್ಪು ಹಾಕಿದರೆ ಹಾಲು ಮೊಸರಾಗುತ್ತದೆ ಅಲ್ಲವೇ? ಹಾಗೆಯೇ ಈ ಜೀವಿಗಳು ಹುಲ್ಲನ್ನು ಕರಗಿಸುತ್ತವೆ.

ಹುಲ್ಲು ಕರಗಿಸುವ ಜೀವಿ ಬೇರೆ. ಅನ್ನ, ಹಿಟ್ಟು ಕರಗಿಸುವ ಜೀವಿ ಬೇರೆ. ಒಂದೇ ಸಲ ಬುಟ್ಟಿ ತುಂಬ ಅನ್ನ ಹಾಕಿದರೆ ಏನಾಗುತ್ತದೆ? ಇಡ್ಲಿ ಹಿಟ್ಟಿನ ಹಾಗೆ ಹೊಟ್ಟೆ ಹುಳಿಯಾಗುತ್ತದೆ. ಆ ಹುಳಿಗೆ ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ. ಹುಳಿ ರಕ್ತಕ್ಕೂ ಸೇರುತ್ತದೆ. ಒಂದೆರಡು ದಿನದಲ್ಲಿ ಎಮ್ಮೆ ಸಾಯಲೂಬಹುದು.

ನೆನಪಿಡೋಣ

1. ಹೊಸ ಮೇವನ್ನು ಮೊದಲ ದಿನ ಸ್ವಲ್ಪವೇ ಹಾಕೋಣ. ದಿನದಿನಕ್ಕೆ ಹೆಚ್ಚಿಸೋಣ. ಹಳೆಯ ಮೇವು ಬಿಡಿಸಿ ಹೊಸದು ರೂಢಿಯಾಗಲು 10ರಿಂದ 15 ದಿನ ಬೇಕು.

2. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ರಾಶಿ ಹಾಕಬಾರದು. ಕಾಳು, ಹಿಟ್ಟಿನ ಚೀಲ ಎಮ್ಮೆಯ ಬಾಯಿಗೆ ಸಿಗಬಾರದು.

3. ಏನೇ ಹಾಕಿದರೂ ಜೊತೆಗೆ ಒಣಹುಲ್ಲು ಇರಲಿ. ಹುಲ್ಲು ತಿಂದರೆ ಎಮ್ಮೆ ಮೆಲುಕು ಹಾಕುತ್ತದೆ. ಮೆಲುಕು ಹಾಕಿದರೆ ಜೊಲ್ಲು ಬರುತ್ತದೆ. ಜೊಲ್ಲು ಹೊಟ್ಟೆಯ ಹುಳಿ ಕಡಿಮೆ ಮಾಡುತ್ತದೆ.

4. ಸುಬಾಬುಲ್ ಸೊಪ್ಪು ಒಳ್ಳೆಯದು. ಆದರೆ ಅದರಲ್ಲಿ ವಿಷದ ಅಂಶವೂ ಇದೆ. ಹಸಿರು ಮೇವು ಮೂರು ಹೊರೆ ಇದ್ದರೆ ಸುಬಾಬುಲ್ ಒಂದು ಹೊರೆ ಮೀರಬಾರದು.

5. ಬೂಷ್ಟು ಹಿಡಿದ ಶೇಂಗಾ ಹಿಂಡಿ ಬೇಡವೇ ಬೇಡ. ಅದರ ವಿಷ ಹಾಲಿಗೂ ಬರುತ್ತದೆ. ಆ ಹಾಲು ಕುಡಿಯುವವರು ನಮ್ಮ ಮಕ್ಕಳು.

ಅಪಾಯದ ಗುರುತು

ಎಮ್ಮೆ ಮೇವು ಮುಟ್ಟುವುದಿಲ್ಲ. ಮೆಲುಕು ನಿಲ್ಲುತ್ತದೆ. ಹೊಟ್ಟೆ ಉಬ್ಬುತ್ತದೆ. ಸಗಣಿ ನೀರಾಗಿ ಹುಳಿ ವಾಸನೆ ಬರುತ್ತದೆ. ನಡೆದರೆ ತೂರಾಡುತ್ತದೆ. ಆಗ "ನಾಳೆ ನೋಡೋಣ" ಅನ್ನಬಾರದು. ಗೊಟ್ಟದಲ್ಲಿ ಬಲವಂತವಾಗಿ ಏನನ್ನೂ ಕುಡಿಸಬಾರದು. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕೂಡಲೇ ಪಶುವೈದ್ಯರನ್ನು ಕರೆಸೋಣ. 1962 ನಂಬರಿಗೆ ಫೋನ್ ಮಾಡೋಣ. ಎಮ್ಮೆ ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು ಎಂದು ಹೇಳೋಣ.

ಉತ್ತರ ಹೇಳಿ

1. ಹೊಸ ಮೇವಿಗೆ ಎಮ್ಮೆಯನ್ನು ರೂಢಿ ಮಾಡಲು ಎಷ್ಟು ದಿನ ಬೇಕು?
2. ಒಣಹುಲ್ಲು ಯಾಕೆ ಬೇಕು?
3. ನಿಮ್ಮ ಊರಿನಲ್ಲಿ ಬೇಸಿಗೆಯಲ್ಲಿ ಯಾವ ಯಾವ ಮೇವು ಸಿಗುತ್ತದೆ? ಪಟ್ಟಿ ಬರೆಯಿರಿ.

ಓದಿ, ಬರೆಯಿರಿ

ಹೊಟ್ಟು, ಹೊಟ್ಟೆ, ಹುಲ್ಲು, ಜೊಲ್ಲು, ಮೆಲುಕು, ಬೂಷ್ಟು